ತೋಂಟದಾರ್ಯನವರ ಕಿವಿ ಮತ್ತು ಆರನೆಯ ಚಾಕು

ಬಿಳಿಗೆರೆಯ ತೋಂಟದಾರ್ಯನವರು ಕಿವಿಯಿಂದ ಹೆಸರು ಮಾಡಿದವರು. ಅಟ್ಟದ ಮೇಲೆ ವರ್ಷ ಕಳೆದ ತೆಂಗಿನಕಾಯಿಯನ್ನು ಕಿವಿಯ ಬಳಿ ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಎಂಬುದನ್ನು ಥಟ್ಟನೆ ಹೇಳಿಬಿಡುತ್ತಿದ್ದರು. ಗಡಗಡ ಸದ್ದು ಬಂದರೆ ಕೊಬ್ಬರಿ ಮಾಗಿದೆ. ಸದ್ದಿಲ್ಲದಿದ್ದರೆ ಇನ್ನೂ ಹಸಿ. ಐವತ್ತು ವರ್ಷಗಳಲ್ಲಿ ಈ ತೀರ್ಪು ತಪ್ಪಿದ್ದನ್ನು ಕಂಡವರಿಲ್ಲ. ಆ ಕೀರ್ತಿಯ ಬಲದಿಂದಲೇ ಮನೆಗೆ ಬೇಕಾದ ಸಮಸ್ತ ವಸ್ತುಗಳನ್ನೂ ಆರಿಸುವ ಅಧಿಕಾರವನ್ನು ಅವರು ತಮ್ಮೊಬ್ಬರಲ್ಲಿಯೇ ಉಳಿಸಿಕೊಂಡಿದ್ದರು. ಕುರ್ಚಿಯಿರಲಿ, ಬೀರುವಿರಲಿ, ಮಿಕ್ಸಿಯಿರಲಿ, ಅವರು ತಂದದ್ದನ್ನು ಮನೆಯವರು ಬಳಸಬೇಕು, ಅಷ್ಟೆ.

ಇಂಥ ಅಧಿಕಾರಕ್ಕೆ ಕುತ್ತು ಬಂದದ್ದು ಒಂದು ಚಾಕುವಿನಿಂದ.

ಮೊಮ್ಮಗಳು ಜೀವಿತಾ ತಿಪಟೂರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಚಾರಣಕ್ಕೆ ಹೊರಟ ತಂಡವೊಂದಕ್ಕೆ ಅವಳೇ ನಾಯಕಿ. ಎರಡು ದಿನ ಬೆಟ್ಟದ ಮೇಲೆ ಗುಡಾರ ಹಾಕಿಕೊಂಡು ಇರಬೇಕು. ತರಬೇಕಾದ ಸಾಮಾನುಗಳ ಪಟ್ಟಿಯಲ್ಲಿ ‘ಮಡಚಲು ಬಾರದ, ಗಟ್ಟಿ ಅಲಗಿನ ಚಾಕು ಒಂದು’ ಎಂದಿತ್ತು. ಮನೆಯಲ್ಲಿ ಮೂರು ಮಚ್ಚುಗಳಿದ್ದವು, ನಿಜ. ಆದರೆ ಮಚ್ಚು ಹಿಡಿದು ಬಸ್ಸು ಹತ್ತಿದವರು ಬೆಟ್ಟದ ಬದಲು ಠಾಣೆಯನ್ನು ನೋಡಬೇಕಾದೀತೆಂದು ಅವಳ ಮೇಷ್ಟರು ಮೊದಲೇ ಎಚ್ಚರಿಸಿದ್ದರು. ಹೀಗಾಗಿ ಅವಳು ವಾರಪೂರ್ತಿ ಮೊಬೈಲಿನಲ್ಲಿ ಚಾಕುಗಳ ವಿಡಿಯೋ ನೋಡುತ್ತ ಕುಳಿತಳು. ತೋಂಟದಾರ್ಯನವರಿಗೆ ಅದು ಅವಮಾನವೆನಿಸಿತು. ತಾವಿರುವಾಗ ಮೊಬೈಲನ್ನು ಕೇಳುವುದೆಂದರೇನೆಂದು ಊಟದ ಹೊತ್ತಿನಲ್ಲಿ ಗುಡುಗಿದರು.

ಜೀವಿತಾ ತಟ್ಟೆಯಿಂದ ತಲೆಯೆತ್ತಿದಳು. “ಆಯ್ತು ತಾತ, ನೀನೇ ಆರ್ಸು. ನಾನು ಅಂಗಡೀಲೇ ಪರೀಕ್ಷೆ ಮಾಡ್ತೀನಿ. ತಡ್ಕಂಡ್ರೆ ಸರಿ. ಇಲ್ಲಾಂದ್ರೆ ಇನ್ಮೇಲೆ ಈ ಮನೆಗೆ ಎಲ್ಲಾನೂ ಅಜ್ಜಿ ಆರಿಸ್ತಾಳೆ.”

ಅನ್ನ ಬಡಿಸುತ್ತಿದ್ದ ಗುರುಶಾಂತಮ್ಮನವರ ಕೈ ಅಲ್ಲಿಯೇ ನಿಂತಿತು. ಮದುವೆಯಾಗಿ ಬಂದು ನಲವತ್ತೆರಡು ವರ್ಷಗಳಾಗಿದ್ದವು. ಈ ಮನೆಗೆ ಅವರು ಒಂದು ಸೌಟನ್ನೂ ತಾವಾಗಿ ಆರಿಸಿದವರಲ್ಲ. ತೋಂಟದಾರ್ಯನವರು ಧಾರಾಳವಾಗಿ ನಕ್ಕು ಒಪ್ಪಿಕೊಂಡರು. ಸೋಲೆಂಬುದನ್ನು ಕಾಣದವರಿಗೆ ಒಪ್ಪಿಕೊಳ್ಳುವುದು ಸುಲಭ. ಅವರು ಕೈ ತೊಳೆದು ಬರುವಷ್ಟರಲ್ಲಿ ಗುರುಶಾಂತಮ್ಮನವರು ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದರು.

ತಿಪಟೂರಿನ ಭೀಮರಾಜುವಿನ ಅಂಗಡಿಯಲ್ಲಿ ಹಗ್ಗ, ಗುದ್ದಲಿ, ಪ್ಲಾಸ್ಟಿಕ್ ಬಕೆಟ್ಟುಗಳಿಂದ ಹಿಡಿದು ಗುಡಾರದವರೆಗೆ ಎಲ್ಲವೂ ದೊರೆಯುತ್ತಿತ್ತು. ಅವನು ಗಲ್ಲಾದ ಮುಂದಿನ ಹಲಗೆಯ ಮೇಲೆ ಆರು ಚಾಕುಗಳನ್ನು ಸಾಲಾಗಿ ಇಟ್ಟು, ಒಂದೊಂದರ ಗುಣವನ್ನು ವರ್ಣಿಸಲು ಬಾಯಿ ತೆರೆದ. ತೋಂಟದಾರ್ಯನವರು ಕೈಯೆತ್ತಿ ತಡೆದರು. ಬಳಿಕ ಕಣ್ಣು ಮುಚ್ಚಿ, ಮೊದಲನೆಯದನ್ನು ಎತ್ತಿ, ಕಿವಿಯ ಬಳಿ ಅಲ್ಲಾಡಿಸಿದರು. ಸದ್ದಿಲ್ಲ. “ಹಸಿ,” ಎಂದು ಪಕ್ಕಕ್ಕಿಟ್ಟರು. ಎರಡನೆಯದೂ ಮೌನ, ಮೂರನೆಯದೂ ಮೌನ. ಐದೂ ಹಸಿಯೆಂದು ತೀರ್ಮಾನವಾದ ಮೇಲೆ ಆರನೆಯದನ್ನು ಅಲ್ಲಾಡಿಸಿದಾಗ ಹಿಡಿಯ ಒಳಗಿನಿಂದ ಟಕಟಕ ಎಂಬ ಇಂಪಾದ ಸದ್ದು ಹೊರಟಿತು. ಅವರ ಮುಖ ಅರಳಿತು.

“ಇದು ಮಾಗೈತೆ ಕಣಪ್ಪ. ಇದನ್ನೇ ಕೊಡು.”

ಭೀಮರಾಜು ಏನನ್ನೋ ಹೇಳಹೊರಟು, ಹಿರಿಯರೆಂಬ ಗೌರವದಿಂದ ನುಂಗಿಕೊಂಡ. ಜೀವಿತಾ ಅಂಗಡಿಯ ಹಿಂದಿನಿಂದ ಒಣಗಿದ ತೆಂಗಿನ ಸೋಗೆಯ ದಿಂಡೊಂದನ್ನು ತರಿಸಿದಳು. ಪರೀಕ್ಷೆಯನ್ನೂ ತಾವೇ ಮಾಡುವುದಾಗಿ ತೋಂಟದಾರ್ಯನವರು ಹಟ ಹಿಡಿದು, ಪಂಚೆ ಎತ್ತಿ ಕಟ್ಟಿದರು. ಮೊದಲನೆಯ ಏಟಿಗೆ ದಿಂಡಿನ ಮೇಲೆ ಗೀರು ಬಿತ್ತು. ಎರಡನೆಯ ಏಟಿಗೆ ಸಣ್ಣ ಚಕ್ಕೆ ಎದ್ದಿತು. ಮೂರನೆಯ ಬಾರಿ ಕೈಯನ್ನು ಹಿಂದಕ್ಕೆ ಬೀಸಿದಾಗ ಅಲಗು ಹಿಡಿಯನ್ನು ತೊರೆದು, ಅಂಗಡಿಯ ಉದ್ದಕ್ಕೂ ಹಾರಿ, ಒಂದರೊಳಗೊಂದು ಪೇರಿಸಿಟ್ಟಿದ್ದ ಬಕೆಟ್ಟುಗಳಲ್ಲಿ ನಾಲ್ಕನ್ನು ಒಮ್ಮೆಗೇ ತೂತು ಮಾಡಿ ನಿಂತಿತು. ತೋಂಟದಾರ್ಯನವರ ಮುಷ್ಟಿಯಲ್ಲಿ ಹಿಡಿ ಮಾತ್ರ ಉಳಿದಿತ್ತು. ಅವರು ಅದನ್ನು ತಿರುಗಿಸಿ ನೋಡಿ, ಹಿಡಿಯೇನೋ ಗಟ್ಟಿಯಾಗಿದೆಯೆಂದು ಅಭಿಪ್ರಾಯಪಟ್ಟರು.

ಗುರುಶಾಂತಮ್ಮನವರು ಮಾತ್ರ ಬಕೆಟ್ಟುಗಳ ಕಡೆಗೆ ನೋಡಲೇ ಇಲ್ಲ. ಅವರ ಮನಸ್ಸಿನಲ್ಲಿ ಬೇರೆಯೇ ಒಂದು ಲೆಕ್ಕ ನಡೆಯುತ್ತಿತ್ತು.

“ಅಲ್ಲಾ ಕಣ್ರೀ, ನಮ್ಮನೆ ಕುರ್ಚಿ, ಮಿಕ್ಸಿ, ಮಂಚ, ಎಲ್ಲಾನೂ ಹಿಂಗೇ ಅಲ್ಲಾಡ್ಸಿ ನೋಡಿ ತಂದ್ರಾ?”

ತೋಂಟದಾರ್ಯನವರು ಕೈಯಲ್ಲಿದ್ದ ಹಿಡಿಯನ್ನು ಮೆಲ್ಲನೆ ಹಲಗೆಯ ಮೇಲಿಟ್ಟರು. ಹಾಗೆಯೇ ತಂದಿದ್ದರು. ಬೀರುವೊಂದನ್ನು ಮಾತ್ರ ತಮ್ಮಿಂದಾಗದೆ ಇಬ್ಬರು ಹಮಾಲರಿಂದ ಅಲ್ಲಾಡಿಸಿದ್ದರು.

“ನಾನು ನಮ್ಮನೆ ನೆಲಾನೇ ಸರಿಗಿಲ್ಲ ಅಂದ್ಕಂಡಿದ್ದೆ,” ಎಂದರು ಗುರುಶಾಂತಮ್ಮ. ಅಷ್ಟು ವರ್ಷ ಆ ಮನೆಯ ಕುರ್ಚಿ ಮಂಚಗಳ ಒಂದೊಂದು ಕಾಲಿನಡಿಗೂ ರಟ್ಟು ಮಡಚಿ ಇಟ್ಟವರು ಅವರೇ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲನ್ನು ಹಲಗೆಯ ಹತ್ತಿರ ಎಳೆದುಕೊಂಡು ಕುಳಿತರು.

ಅನಂತರ ನಡೆದದ್ದನ್ನು ಭೀಮರಾಜು ಬಹುಕಾಲ ಮರೆಯಲಾರ. ಗುರುಶಾಂತಮ್ಮನವರು ಮೊದಲು ಒಂದು ಚೊಂಬು ನೀರನ್ನೂ ಕೊಂಚ ಕೊಬ್ಬರಿ ಎಣ್ಣೆಯನ್ನೂ ಕೇಳಿದರು. ಒದ್ದೆ ಕೈಯಲ್ಲಿಯೂ ಎಣ್ಣೆ ಕೈಯಲ್ಲಿಯೂ ಹಿಡಿದು ನೋಡಿ, ಜಾರಿದವನ್ನು ಹಿಂದಕ್ಕೆ ಕಳುಹಿಸಿದರು. ಅಲಗಿನ ಕಬ್ಬಿಣ ಹಿಡಿಯ ತುದಿಯವರೆಗೂ ಹೋಗಿದೆಯೇ ಎಂದು ಕೇಳಿ, ಅರ್ಧಕ್ಕೇ ನಿಂತದ್ದೆಂದು ತಿಳಿದೊಡನೆ ಇನ್ನೆರಡನ್ನು ತಳ್ಳಿದರು. ಗರಗಸದಂತೆ ಹಲ್ಲಿದ್ದ ಒಂದನ್ನು ತೊಳೆಯುವವರು ಯಾರೆಂದು ಕೇಳಿದಾಗ ಭೀಮರಾಜು ಅದನ್ನು ತಾನಾಗಿಯೇ ಪೆಟ್ಟಿಗೆಗೆ ಸೇರಿಸಿದ. ಮತ್ತೊಂದನ್ನು ಒರೆಗೆ ಹಾಕಿ ತಲೆಕೆಳಗು ಮಾಡಿ ಒದರಿದರು. ಚಾಕು ಜಾರಿ ಕೆಳಗೆ ಬಿತ್ತು. ಹೊಸ ಪೆಟ್ಟಿಗೆ ಬಂತು, ಅದೂ ಮುಗಿಯಿತು. ಎರಡು ಸಲ ಚಹಾ ಬಂತು. ತೋಂಟದಾರ್ಯನವರು ಹಗ್ಗದ ಸುರುಳಿಯೊಂದರ ಮೇಲೆ ಕುಳಿತು, ಹೆಂಡತಿಯ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಿಳಿಗೆರೆಯ ಬಸ್ಸುಗಳು ಒಂದಾದ ಮೇಲೊಂದು ಹೋಗುವುದನ್ನು ನೋಡುತ್ತಿದ್ದರು. ತಾವಾಗಿದ್ದರೆ ಒಂದು ಉಸಿರಿನಲ್ಲಿ ಮುಗಿಸುತ್ತಿದ್ದೆವೆಂದು ಒಮ್ಮೆ ಗೊಣಗಿದರು. ಭೀಮರಾಜು ಬಕೆಟ್ಟುಗಳ ಕಡೆಗೆ ನೋಡಿದ. ಅವರು ಮತ್ತೆ ಬಸ್ಸುಗಳ ಕಡೆಗೆ ತಿರುಗಿದರು.

ಹದಿನೇಳನೆಯದು ಗೇಣುದ್ದದ ಕಪ್ಪು ಚಾಕು. ನೋಟಕ್ಕೆ ಏನೂ ಇಲ್ಲ. ಅಲಗಿನ ಬೆನ್ನು ಮಾತ್ರ ದಪ್ಪ. ಗುರುಶಾಂತಮ್ಮನವರು ಅದನ್ನು ದಿಂಡಿನ ಮೇಲಿಟ್ಟು, ಬೆನ್ನಿಗೆ ಸುತ್ತಿಗೆಯಿಂದ ಎರಡೇಟು ಹಾಕಿದರು. ದಿಂಡು ನೆಟ್ಟಗೆ ಎರಡು ಹೋಳಾಯಿತು. ಜೀವಿತಾ ಚಪ್ಪಾಳೆ ತಟ್ಟಿದಳು. ತೋಂಟದಾರ್ಯನವರು ದೊಡ್ಡದೊಂದು ನಿಟ್ಟುಸಿರು ಬಿಟ್ಟು ಎದ್ದು ಚಪ್ಪಲಿ ಮೆಟ್ಟಿದರು.

ಗುರುಶಾಂತಮ್ಮನವರು ಚಾಕುವನ್ನು ಒರೆಸಿದರು. ಒರೆಗೆ ಹಾಕಿದರು. ಗಂಡನ ತೋಳಿನಲ್ಲಿದ್ದ ತಮ್ಮ ಕೈಚೀಲವನ್ನು ಸೆಳೆದು, ಅದರ ತಳದಲ್ಲಿ ಇಳಿಸಿ, ಜಿಪ್ಪು ಎಳೆದರು. ಜೀವಿತಾ ಚಾಚಿದ ಕೈ ಹಾಗೆಯೇ ಉಳಿಯಿತು.

“ಇದು ಅಡುಗೆ ಮನೆಗಿರ್ಲಿ ಕಣೇ,” ಎಂದರು ಗುರುಶಾಂತಮ್ಮ ಸಮಾಧಾನವಾಗಿ. “ನಿಂಗೆ ಬೇರೆ ನೋಡಾನ ಬಾ, ಕೂತ್ಕ.”

ಆ ಬಗೆಯದು ಅದೊಂದೇ ಇದ್ದದ್ದೆಂದು ಭೀಮರಾಜು ಹೇಳಿ, ಅಟ್ಟದ ಮೇಲಿನ ಪೆಟ್ಟಿಗೆಗಾಗಿ ಏಣಿ ಹತ್ತಿದ. ತೋಂಟದಾರ್ಯನವರು ಚಪ್ಪಲಿಯನ್ನು ಕಳಚಿ ಒಂದು ಪಕ್ಕಕ್ಕೆ ಜೋಡಿಸಿಟ್ಟು, ಮತ್ತೆ ಹಗ್ಗದ ಸುರುಳಿಯ ಮೇಲೆ ಕುಳಿತರು.