ಡುಲ್ಸಿನ್ ಬರೆಯದ ಕಾಗದ

ಮೀನುಗಾರಿಕೆಯ ದೋಣಿಗಳಿಗೆ ಡೀಸೆಲ್ ಎಂಜಿನ್ ಮಾರುವ ವಿಲಾಯತಿ ಕಂಪನಿಯೊಂದರ ಕಚೇರಿ ಮಂಗಳೂರಿನ ಬಂದರಿನಲ್ಲಿತ್ತು. ೧೯೬೪ರಲ್ಲಿ ಅಲ್ಲಿನ ಕಾನೂನು ಅಧಿಕಾರಿ ಡುಲ್ಸಿನ್ ಲೋಬೊ, ಮೂವತ್ತೊಂದರ ಹೆಂಗಸು. ಕರಿಕೋಟು ಹಾಕಿ ವಾದಿಸುವ ಕೆಲಸವಲ್ಲ ಅವಳದು. ಕರಾರು ಬರೆಯಬೇಕು, ಕಂಪನಿ ಕಾನೂನು ತಪ್ಪದಂತೆ ನೋಡಿಕೊಳ್ಳಬೇಕು. ಜೊತೆಗೆ ಓದಿದವರು ಅವಳನ್ನು "ಸಂಬಳದ ವಕೀಲೆ" ಎಂದು ಕೆಣಕುತ್ತಿದ್ದರು.

ಆಗಸ್ಟಿನ ಒಂದು ಬೆಳಿಗ್ಗೆ ಮ್ಯಾನೇಜರ್ ಆರ್ಥರ್ ಅವಳನ್ನು ಕರೆದರು. ಮೇ ತಿಂಗಳಲ್ಲಿ, ಕಂಪನಿಯ ಎಂಜಿನ್ ಹಾಕಿಸಿದ್ದ ಉಳ್ಳಾಲದ ಮೀನುಗಾರ ಮೊಯ್ದೀನಬ್ಬರ ದೋಣಿಗೆ ಸಮುದ್ರದಲ್ಲೇ ಬೆಂಕಿ ಹಿಡಿದಿತ್ತು. ಅವರ ಬಲಗೈ ಸುಟ್ಟಿತ್ತು.

"ಎಂಜಿನ್ ಸರಿ ಇತ್ತು, ತಪ್ಪು ನನ್ನದೇ ಅಂತ ಅವನು ಒಪ್ಪಿದ ಹಾಗೆ ಒಂದು ಕಾಗದ ಬರಿ. ಸಹಿ ಹಾಕಿದರೆ ಹೊಸ ಎಂಜಿನ್ ಕೊಡುವ."

"ಮೊದಲು ಅವರನ್ನು ಕೇಳಿ ಬರ್ತೇನೆ ಸರ್," ಎಂದಳು ಡುಲ್ಸಿನ್.

ಕಡವಿನ ದೋಣಿಯಲ್ಲಿ ಹೊಳೆ ದಾಟಿ ಅವಳು ಉಳ್ಳಾಲಕ್ಕೆ ಹೋದಳು. ಮೊಯ್ದೀನಬ್ಬರ ಬೆರಳುಗಳು ಮಡಚುತ್ತಿರಲಿಲ್ಲ. ಚಹಾದ ಗ್ಲಾಸನ್ನು ಹೆಂಡತಿ ಹವ್ವಮ್ಮ ಅವರ ಎಡಗೈಗೆ ಕೊಟ್ಟರು.

"ಎಣ್ಣೆಯ ಪೈಪು ಮೂರು ಸಲ ಸೋರಿದೆ ಅಮ್ಮ. ನಿಮ್ಮ ವರ್ಕ್‌ಶಾಪಿಗೇ ಬಂದು ಹೇಳಿದ್ದೇನೆ. ಬಿಗಿ ಮಾಡಿ ಕಳಿಸಿದ್ರು. ಈಗ ಎಂತ, ಸಹಿ ಹಾಕ್ಬೇಕಾ?"

"ಬೇಡ," ಎಂದಳು ಡುಲ್ಸಿನ್. "ಮೊಯ್ದೀನಬ್ಬ ಬ್ಯಾರಿಗಳೇ, ನಾನು ಕಂಪನಿಯ ವಕೀಲೆ, ನಿಮ್ಮವಳಲ್ಲ. ನಿಮಗೆ ನಿಮ್ಮದೇ ವಕೀಲರು ಬೇಕು. ಅವರಿಗೆ ತೋರಿಸದೆ ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ. ನಾನು ತಂದ ಕಾಗದಕ್ಕೂ."

ಹವ್ವಮ್ಮ ಅವಳನ್ನೇ ನೋಡಿದರು. "ಹೀಗೆ ಹೇಳಿದ್ರೆ ನಿಮ್ಮ ಕೆಲಸ ಉಳಿತದಾ?"

ಡುಲ್ಸಿನ್ ಚೀಲ ಎತ್ತಿಕೊಂಡು ಎದ್ದಳು. ಮಣ್ಣಗುಡ್ಡದ ಬಾಡಿಗೆ ಮನೆಯಲ್ಲಿ ತಾಯಿಯೂ ಕಾಲೇಜಿಗೆ ಹೋಗುವ ತಂಗಿಯೂ ಇದ್ದರು. ಮನೆ ನಡೆಯುತ್ತಿದ್ದುದು ಅವಳೊಬ್ಬಳ ದುಡಿಮೆಯಿಂದ.

ಉಳ್ಳಾಲದಿಂದ ನೇರ ಕಂಪನಿಯ ವರ್ಕ್‌ಶಾಪಿಗೆ ಹೋಗಿ ಮೆಕ್ಯಾನಿಕ್ ಚಾರ್ಲ್ಸ್‌ನ ಹತ್ತಿರ ದೂರಿನ ಪುಸ್ತಕ ಕೇಳಿದಳು. ಅವನು ತಡವರಿಸಿ ಕೊಟ್ಟ. ಒಂದೇ ಹಡಗಿನಲ್ಲಿ ಬಂದ ನಲವತ್ತು ಎಂಜಿನ್‌ಗಳಲ್ಲಿ ಒಂಬತ್ತರ ಪೈಪು ಅದೇ ಜಾಗದಲ್ಲಿ ಬಿರುಕು ಬಿಟ್ಟಿತ್ತು.

"ನಾನು ಬರೆದು ಕೊಟ್ಟಿದ್ದೆ. ಮೇಲಿನವರು 'ನೋಡುವ' ಅಂದ್ರು, ಅಷ್ಟೆ," ಎಂದ ಚಾರ್ಲ್ಸ್.

ಇನ್ನು ಮೂರು ವಾರಕ್ಕೆ ಮಳೆ ಕಡಿಮೆಯಾಗಿ, ಮಳೆಗಾಲಕ್ಕೆಂದು ದಡ ಸೇರಿದ್ದ ದೋಣಿಗಳೆಲ್ಲ ಸಮುದ್ರಕ್ಕೆ ಹೊರಡಲಿದ್ದವು.

ಡುಲ್ಸಿನ್ ಪುಸ್ತಕವನ್ನು ಆರ್ಥರರ ಮೇಜಿನ ಮೇಲೆ ತೆರೆದಿಟ್ಟಳು. "ಆ ಕಾಗದ ನಾನು ಬರೆಯುವುದಿಲ್ಲ ಸರ್. ಎಲ್ಲ ಪೈಪು ಬದಲಿಸಬೇಕು."

"ನೀನು ಯಾರ ಉಪ್ಪು ತಿನ್ನುವುದು ಮಾರಾಯ್ತಿ?"

"ಕಂಪನಿಯದ್ದೇ. ಅದಕ್ಕೇ ಹೇಳ್ತಿದ್ದೇನೆ. ಗೊತ್ತಿದ್ದೂ ಸುಮ್ಮನಿದ್ದು, ನಾಳೆ ಯಾರಾದರೂ ಸತ್ತರೆ ಕಂಪನಿಯನ್ನು ಯಾವ ವಕೀಲನೂ ಉಳಿಸಲಾರ. ಲಂಡನ್ನಿನ ಹೆಡ್ ಆಫೀಸಿಗೆ ಇವತ್ತೇ ತಂತಿ ಕಳಿಸ್ತೇನೆ. ನಿಮಗೆ ತಿಳಿಸದೆ ಕಳಿಸಬಾರದು ಅಂತ ಬಂದೆ."

"ಕಳಿಸಿದರೆ ನಾಳೆ ಬರಬೇಡ."

"ಬರ್ತೇನೆ. ತೆಗೆಯುವುದಾದರೆ ಬರೆದು ಕೊಡಿ."

ಆರ್ಥರ್ ಬರೆದು ಕೊಡಲಿಲ್ಲ. ಅವಳು ತಂತಿ ಕಳಿಸಿದಳು. ಮರುದಿನ ಅವಳ ಮೇಜು ಉಗ್ರಾಣದ ಪಕ್ಕಕ್ಕೆ ಹೋಗಿತ್ತು. ಅಲ್ಲೇ ಕುಳಿತು, ನಲವತ್ತು ದೋಣಿಗಳ ಯಜಮಾನರ ಹೆಸರು, ಊರು ಪಟ್ಟಿ ಮಾಡಿದಳು. ಐದು ದಿನ ಯಾರೂ ಅವಳೊಡನೆ ಮಾತಾಡಲಿಲ್ಲ. ಪ್ರತಿ ಸಲ ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೂ ಅವಳು ಬರೆಯುವುದು ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

ಆರನೆಯ ದಿನ ಲಂಡನ್ನಿನಿಂದ ಉತ್ತರ ಬಂತು: ಎಲ್ಲ ಪೈಪುಗಳನ್ನು ಕಂಪನಿಯ ಖರ್ಚಿನಲ್ಲೇ ಬದಲಿಸಿರಿ; ಹೊಸವು ವಿಮಾನದಲ್ಲಿ ಬರುತ್ತಿವೆ. ಚಾರ್ಲ್ಸ್ ಪಟ್ಟಿ ಹಿಡಿದು ಊರೂರು ತಿರುಗಿದ.

ಮೊಯ್ದೀನಬ್ಬರು ಬಿಜೈಯ ವಕೀಲರೊಬ್ಬರನ್ನು ಹಿಡಿದರು. ಪರಿಹಾರದ ಮಾತುಕತೆಯಲ್ಲಿ ಡುಲ್ಸಿನ್ ಕಂಪನಿಯ ಪರವಾಗಿ ಎದುರಿಗೆ ಕುಳಿತು ಎರಡು ದಿನ ಗಟ್ಟಿಯಾಗಿ ಚೌಕಾಸಿ ಮಾಡಿದಳು. ತಪ್ಪು ಕಂಪನಿಯದೆಂಬುದನ್ನು ಮಾತ್ರ ಒಮ್ಮೆಯೂ ಅಲ್ಲಗಳೆಯಲಿಲ್ಲ. ಕೊನೆಗೆ ಪರಿಹಾರದ ಮೊತ್ತಕ್ಕೆ ಎರಡೂ ಕಡೆಯವರು ಒಪ್ಪಿದರು. ಮೊಯ್ದೀನಬ್ಬರು ಎಡಗೈಯಲ್ಲಿ ನಿಧಾನವಾಗಿ ಸಹಿ ಹಾಕಿದರು.

ಆರ್ಥರ್ ಕ್ರಿಸ್ಮಸ್‌ವರೆಗೂ ಅವಳೊಡನೆ ಮಾತು ಬಿಟ್ಟಿದ್ದರು. ಆದರೆ ಆಮೇಲೆ, ಹೊರಗೆ ಹೋಗುವ ಯಾವ ಕಾಗದವನ್ನೂ ಅವಳಿಗೆ ತೋರಿಸದೆ ಕಳಿಸಲಿಲ್ಲ.