ನಾಲ್ಕು ಉಲ್ಲೇಖ

“ಎತ್ತಬೇಡ್ರಪ್ಪಾ, ಇನ್ನೊಂದರ್ಧ ಗಂಟೆ ತಾಳಿ,” ಎನ್ನುತ್ತ ಕದಿರಮ್ಮ ಚಟ್ಟಕ್ಕೆ ಅಡ್ಡ ನಿಂತಳು.

ಅಕ್ಕನಿಗೆ ಹೆಗಲು ಕೊಡಲು ಬಗ್ಗಿದ್ದ ಮುನಿಕೃಷ್ಣ ನೆಟ್ಟಗಾದ. “ಯಾಕ್ ಕದಿರಕ್ಕ? ಬಿಸಿಲೇರ್ತಾ ಐತೆ.”

“ರೇಷ್ಮೆ ಹುಳ ಗೂಡು ಕಟ್ಟೋಕ್ ಮುಂಚೆ ಜೋರಾಗಿ ಮೇಯೋ ಹೊತ್ತು. ಹೆಂಗಸ್ರೆಲ್ಲಾ ಸೊಪ್ಪು ಹಾಕಿ ಬರ್ತಾವ್ರೆ. ಹುಳ ಉಪವಾಸ ಕೆಡವಿ ಬಂದ್ರೆ ನಿಮ್ಮಕ್ಕ ಎದ್ದು ಕೂತು ಬೈತಾರೆ.”

ಅಳುತ್ತಿದ್ದವರೂ ನಕ್ಕುಬಿಟ್ಟರು.

ಅಕ್ಕ ರಮಾದೇವಿಗೆ ಐವತ್ತೊಂಬತ್ತು. ಕಾಲೇಜಿನಲ್ಲಿ ರೇಷ್ಮೆ ವಿಜ್ಞಾನ ಕಲಿಸುತ್ತ, ಹಿಪ್ಪುನೇರಳೆಯ ಬೇರು ಕೊಳೆರೋಗದ ಹಿಂದೆಯೇ ಇಪ್ಪತ್ತು ವರ್ಷ ಬಿದ್ದಿದ್ದವರು. ನಿನ್ನೆ ಪಾಠಕ್ಕೆ ಹೊರಟವರು ಹೊಸಿಲಲ್ಲೇ ಕುಸಿದಿದ್ದರು.

ಅವರ ಶಿಷ್ಯೆ ಅರ್ಪಿತ, ವಿಶ್ವವಿದ್ಯಾಲಯದ ರಾಮಚಂದ್ರಪ್ಪನವರನ್ನು ಕಾರಿನಲ್ಲಿ ಕರೆತಂದಿದ್ದಳು. ಟೇಕಲ್‌ನ ಆ ಬೀದಿ ತುಂಬಿದ್ದ ಜನರನ್ನು ಅವರು ನೋಡುತ್ತಲೇ ಇದ್ದರು.

*

ಆರು ವರ್ಷದ ಹಿಂದೆ ಬಡ್ತಿಯ ಸಂದರ್ಶನದಲ್ಲಿ ಮೇಜಿನ ಆಚೆ ಕೂತಿದ್ದವರು ಇದೇ ರಾಮಚಂದ್ರಪ್ಪ.

“ನಿಮ್ಮ ಪ್ರಬಂಧವನ್ನ ಬೇರೆಯವರು ಉಲ್ಲೇಖಿಸಿರೋದು ನಾಲ್ಕೇ ಸಲ, ಮೇಡಂ.”

“ಹೌದು ಸಾರ್.”

“ಇಂಟರ್ನೆಟ್‌ನಲ್ಲಿ ಎಷ್ಟು ಜನ ಹಂಚಿಕೊಂಡ್ರು, ಚರ್ಚೆ ಮಾಡಿದ್ರು ಅನ್ನೋದಕ್ಕೂ ಈಗ ಅಂಕ ಇದೆ. ಅಲ್ಲಿ ಸೊನ್ನೆ.”

“ಅಲ್ಲಿ ಸಿಗಲ್ಲ ಸಾರ್. ನಾನದನ್ನ ಜಗಲಿ ಮೇಲೆ ಕೂತು ಹೇಳ್ಕೊಡ್ತೀನಿ. ಟೇಕಲ್‌ಗೆ ಬಂದು ತೋಟ ನೋಡಿ, ಆಮೇಲೆ ಅಂಕ ಹಾಕಿ.”

ಅವರು ಹೋಗಲಿಲ್ಲ. ‘ಪರಿಣಾಮ ಸಾಲದು’ ಎಂದು ಬರೆದು ಸಹಿ ಹಾಕಿದರು.

ಸಂಜೆಯ ರೈಲಿಳಿದ ರಮಾದೇವಿ ಸೀದಾ ಕದಿರಮ್ಮನ ತೋಟಕ್ಕೆ ಹೋದರು.

“ಏನಾಯ್ತಕ್ಕಾ?”

“ಸಿಗಲಿಲ್ಲ ಕಣೇ. ಬೇವಿನ ಹಿಂಡಿ ತಂದ್ಯಾ? ಗೊಬ್ಬರಕ್ಕೆ ಕಲಸು,” ಎಂದು ಸೆರಗು ಸಿಕ್ಕಿಸಿಕೊಂಡರು.

*

“ನೀವು ಮೇಡಂಗೆ ಏನಾಗ್ಬೇಕು?” ಎಂದು ರಾಮಚಂದ್ರಪ್ಪ ಕದಿರಮ್ಮನನ್ನು ಕೇಳಿದರು.

“ಏನೂ ಆಗ್ಬೇಕಿಲ್ಲ ಸಾರ್. ಬೇರು ಕೊಳೆತು ಹಿಪ್ನೇರಳೆ ಕಿತ್ತಾಕ್ತಿದ್ದೆ, ಅಕ್ಕ ಉಳಿಸಿಕೊಟ್ರು. ನಾನು ದೇವರಾಯಸಮುದ್ರದ ನಮ್ಮ ತಂಗೀಗೆ ಹೇಳ್ದೆ. ಅವ್ಳು ಅವಳ ಬೀದಿಗೆಲ್ಲಾ ಹೇಳಿದ್ಲು. ಅವರು ಇನ್ಯಾರಿಗೆ ಹೇಳಿದ್ರೋ, ನಂಗೊತ್ತಿಲ್ಲ. ಅಗೋ, ಬಂದ್ರು.”

ಎರಡು ಟ್ರ್ಯಾಕ್ಟರ್, ಮೂರು ಆಟೋ. ಹಿಂದೆ ನಡೆದು ಬರುತ್ತಿದ್ದ ಹೆಂಗಸರು. ಲಕ್ಕೂರಿನವರು, ಮುಳಬಾಗಿಲ ಕಡೆಯವರು. ಒಬ್ಬಳು ತೆಲುಗಿನಲ್ಲಿ ಗೋಳಾಡುತ್ತಿದ್ದಳು.

ಚಟ್ಟ ಹೊಲ ಮುಟ್ಟಿದಾಗ ಬದುವಿನಲ್ಲಿ ಗುಂಡಿ ಸಿದ್ಧವಿತ್ತು. ಮುನಿಕೃಷ್ಣ ಮೊದಲ ಹಿಡಿ ಮಣ್ಣು ಹಾಕಿ ಸರಿದ. ಜನ ಸಾಲುಗಟ್ಟಿದರು.

“ಸಾರ್, ಕಾರು ಆ ಕಡೆ ಇದೆ,” ಎಂದಳು ಅರ್ಪಿತ.

ರಾಮಚಂದ್ರಪ್ಪ ಬೂಟು ಬಿಚ್ಚಿ ಬದುವಿಗಿಟ್ಟು, ಬರಿಗಾಲಲ್ಲಿ ಸಾಲಿನ ಕೊನೆಗೆ ಹೋಗಿ ನಿಂತರು. ಮುಂದಿದ್ದ ಹೆಂಗಸಿನ ಬೆರಳುಗಳು ಸೊಪ್ಪಿನ ರಸಕ್ಕೆ ಇನ್ನೂ ಹಸಿರಾಗಿದ್ದವು. ಅಷ್ಟರಲ್ಲಿ ಅವರ ಹಿಂದೆ ಇನ್ನೂ ಎಂಟು ಮಂದಿ ಬಂದು ಸೇರಿದರು.