ತಟ್ಟೆಯ ಮೇಲಿನ ಅಂಗೈ

ಅತ್ತೆಯ ಗದ್ದದ ಮೇಲೆ ಹಾಲಿನ ಗೆರೆ ಒಣಗುತ್ತಿದೆ, ಒರೆಸಬೇಕು, ಪಾಸ್ಟರ್ ಬರುವಷ್ಟರಲ್ಲಿ ಒರೆಸಿ, ದಿಂಬು ಎತ್ತರಿಸಿ, ತಲೆ ಬಾಚಬೇಕು, ಸೊಸೆಯಲ್ಲದೆ ಇನ್ಯಾರು ಮಾಡುತ್ತಾರೆ, ಗಂಡನೇ, ಅವನು ಬಾಗಿಲಲ್ಲೇ ನಿಂತು ಅಮ್ಮ ಹೇಗಿದಾರೆ ಎಂದು ಕೇಳಿ ಕೆಲಸಕ್ಕೆ ಹೋದ, ಹೇಗಿದ್ದಾರೆ, ಇದ್ದ ಹಾಗೇ ಇದ್ದಾರೆ — ಒದ್ದೆ ಬಟ್ಟೆ ತಾಗಿದೊಡನೆ ಅತ್ತೆ ಮುಖ ತಿರುಗಿಸುತ್ತಾಳೆ, ಮತ್ತೆ ಇತ್ತ ನೋಡಿ, ಊಟ ಆಯ್ತಾ ನಿಂದು, ಇದೊಂದೇ ಮಾತು ಈಗ, ಹಾಲಿನವನಿಗೂ ಇದೇ, ಡಾಕ್ಟರಿಗೂ ಇದೇ, ಗೋಡೆಯ ಮೇಲಿನ ಯೇಸುವಿನ ಪಟಕ್ಕೂ ಇದೇ, ಯಾರಪ್ಪ ನೀನು, ಊಟ ಆಯ್ತಾ? ಇಡೀ ಸಭೆ ಟೀಚರಮ್ಮ ಎಂದು ಎದ್ದು ನಿಲ್ಲುತ್ತಿದ್ದ ಹೆಂಗಸು, ಯೇಸುವನ್ನು ಪೂರ್ಣವಾಗಿ ಅರಿಯುವುದು ಹೇಗೆಂದು ಇದೇ ಮನೆಯ ಹಜಾರದಲ್ಲಿ ಪಾಠ ಹೇಳಿದವಳು, ವಾಕ್ಯಗಳೆಲ್ಲ ತುದಿನಾಲಿಗೆಯಲ್ಲಿ, ಈಗ ಆ ಯೇಸುವನ್ನೇ ಯಾರಪ್ಪ ನೀನು ಅನ್ನುತ್ತಾಳೆ, ನಗಬೇಕೋ ಅಳಬೇಕೋ, ಸೊಸೆಗೆ ನಗುವೇ ಬರುತ್ತದೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಬಂತು ನೋಡು ಸೊಸೆಯ ಕಾಲ, ಹೇಸಿಗೆ ಬಟ್ಟೆ ಒಗೆಯುವ ಕಾಲ.

ಆ ಹಜಾರಕ್ಕೇ ತಾನೆ ಮದುವೆಯಾದ ಹೊಸತರಲ್ಲಿ ಅತ್ತೆ ಸೊಸೆಯನ್ನು ಕರೆದದ್ದು, ಎಲ್ಲರಿಗೂ ಚಹಾ ಕೊಟ್ಟು ಕೈ ಒರೆಸಿಕೊಂಡು ನಿಂತಿದ್ದಳು, ಕೇಳಿದ್ದು ಎಲ್ಲರ ಮುಂದೆ, ಯೇಸು ನಿನಗೆ ಯಾರು? ಪುಸ್ತಕದ ಉತ್ತರ ಬಾಯಿಪಾಠ ಮಾಡಿದ್ದಳು, ಆದರೆ ಆ ಹೊತ್ತಿಗೆ ನಿಜವೇ ಬಾಯಿಗೆ ಬಂತು, ಪಾತ್ರೆ ತೊಳೀತಾ ಒಬ್ಬಳೇ ಇರ್ತೀನಲ್ಲ ಅತ್ತೆ, ಆಗ ಹತ್ರ ಯಾರೋ ನಿಂತಿದಾರೆ ಅನಿಸುತ್ತೆ, ಅವರೇ ಅಂತ — ಹಜಾರವೆಲ್ಲ ನಕ್ಕಿತು, ಅತ್ತೆ ನಗಲಿಲ್ಲ, ಅನಿಸೋದು ಬೇರೆ, ಅರಿಯೋದು ಬೇರೆ, ಕಲಿತು ಬಾ. ಮುಂದಿನ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನದ ತಟ್ಟೆ, ಯೇಸುವಿನ ದೇಹವೆಂದು ಹಂಚುವ ರೊಟ್ಟಿಯ ತಟ್ಟೆ, ಬೆಂಚಿನುದ್ದಕ್ಕೂ ಕೈಯಿಂದ ಕೈಗೆ ಬಂತು, ಅವಳ ಮಡಿಲ ಮುಂದೆ ಬಂದಾಗ ಅತ್ತೆಯ ಅಂಗೈ ಅದರ ಮೇಲೆ ಮುಚ್ಚಿಕೊಂಡಿತು, ಬೆರಳಿನ ಉಂಗುರ ತಟ್ಟೆಗೆ ತಾಗಿ ಟಿಂಗ್ ಎಂದಿತು, ರೊಟ್ಟಿ ದಾಟಿ ಹೋಯಿತು. ಅಮ್ಮ ಹೇಳಿದ್ಮೇಲೆ ಮುಗೀತು, ಎಂದ ಗಂಡ, ಮುಗಿಯಿತು, ಅಂದಿನಿಂದ ತಟ್ಟೆ ಹೊರಡುವ ಹೊತ್ತಿಗೆ ಅವಳು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾಳೆ, ಯಾರೂ ಬಾ ಅನ್ನಲಿಲ್ಲ, ಆ ಪಾತ್ರೆಗಳ ಹತ್ತಿರ ನಿಂತವನೂ ಅದಾದ ಮೇಲೆ ಬರಲಿಲ್ಲ, ಅದು ಅತ್ತೆಗೆ ಗೊತ್ತಾ, ಅದನ್ನು ಹಿಂದಕ್ಕೆ ಕೊಡುವವರು ಯಾರು.

ಬಾಗಿಲ ಸದ್ದಾಯಿತು, ಪಾಸ್ಟರ್, ಕೈಯಲ್ಲಿ ಪ್ರಭುಭೋಜನದ ಪುಟ್ಟ ಪೆಟ್ಟಿಗೆ, ಹೇಗಿದೀರಿ ಟೀಚರಮ್ಮ, ಊಟ ಆಯ್ತಾ ನಿಂದು, ಆಯ್ತಮ್ಮ ಆಯ್ತು. ಅವನೂ ಇದೇ ಹಜಾರದಲ್ಲಿ ಕಲಿತವನು, ಕೇಳದೆ ರೊಟ್ಟಿ ಕೊಡುವವನಲ್ಲ, ಅರಿಯದೆ ತಿಂದವರಿಗೆ ಅದೇ ದೇವರ ಶಿಕ್ಷೆಯಾಗುತ್ತದೆ ಎಂದು ಅವನಿಗೆ ಕಲಿಸಿದವಳು ಅತ್ತೆಯೇ, ಮಾಡಿದ್ದುಣ್ಣೋ ಮಹರಾಯ — ಅವನು ರೊಟ್ಟಿಯ ತುಂಡನ್ನು ಎತ್ತಿ ಹಿಡಿದ, ಇದು ಏನಮ್ಮಾ? ರೊಟ್ಟಿ. ಅಲ್ಲಮ್ಮ, ನೆನಪು ಮಾಡ್ಕೊಳ್ಳಿ, ಇದು ಯಾರು? ರೊಟ್ಟಿ ಕಣಪ್ಪ, ಕಣ್ಣು ಕಾಣಲ್ವಾ ನಿಂಗೆ? ಪಾಸ್ಟರ್ ಸೊಸೆಯ ಕಡೆ ನೋಡುತ್ತಾನೆ, ನೀವಾದ್ರೂ ಸ್ವಲ್ಪ ಹೇಳಿಕೊಡಿ, ಅವರ ಬಾಯಲ್ಲಿ ಒಂದು ಮಾತು ಬಂದ್ರೆ ಸಾಕು. ಒಂದು ಮಾತು, ಕಿವಿಯಲ್ಲಿ ಉಸುರಿದರೆ ಮುಗಿಯಿತು, ಅತ್ತೆ ಗಿಣಿಯ ಹಾಗೆ ಹೇಳುತ್ತಾಳೆ, ಹೇಳದಿದ್ದರೆ ತುಂಡು ಪೆಟ್ಟಿಗೆಗೆ ವಾಪಸ್ಸು, ಇಂದು ಅಂಗೈ ತನ್ನದು, ಮುಚ್ಚುವವಳು ತಾನು, ಸೊಸೆ ತುಟಿ ಬಿಗಿದು ನಿಂತಳು, ಹೌದು, ಬಿಗಿದೇ ನಿಂತಳು, ಕಲಿತು ಬರಲಿ.

ಅಷ್ಟರಲ್ಲಿ ಅತ್ತೆಯೇ ಕೈ ಚಾಚಿ ಅವನ ಬೆರಳಿಂದ ತುಂಡು ಕಿತ್ತುಕೊಂಡಳು, ಅಮ್ಮಾ ಅಮ್ಮಾ ಎಂದು ಪಾಸ್ಟರ್ ಅರ್ಧ ಎದ್ದ, ಅವಳು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಮುರಿದಳು, ಎರಡು ಮಾಡಿ ಒಂದನ್ನು ಸೊಸೆಯ ಕಡೆ ಚಾಚಿದಳು, ತಗೋ, ನೀನು ತಿಂದಿಲ್ಲ, ನಂಗೊತ್ತು, ನೀನು ತಿಂದೇ ಇಲ್ಲ — ಇಷ್ಟು ವರ್ಷ ಎಲ್ಲಿತ್ತು ಈ ಮಾತು, ಎಲ್ಲ ಮರೆತ ಮೇಲೆ ಬರಬೇಕಿತ್ತಾ, ಯಾರೆಂದುಕೊಂಡು ಕೊಡುತ್ತಿದ್ದಾಳೆ, ಹಾಲಿನವನೆಂದೋ, ಬೇಡ, ನನಗೆ ಬೇಡ, ಮೆಟ್ಟಿಲ ಮೇಲೆ ಕೂತೇ ಮುದುಕಿಯಾದೆ, ಈಗ ಬೇಡ, ಆದರೆ ಆ ಕೈ ಇಳಿಯುವುದಿಲ್ಲ, ಅದೇ ಬೆರಳು, ಉಂಗುರ ಸಡಿಲವಾಗಿ ಜಾರಿ ಗೆಣ್ಣಿಗೆ ತಡೆದು ನಿಂತಿದೆ, ಅದೇ ಅಂಗೈ, ಬಿಚ್ಚಿದೆ, ಅದರ ಮೇಲೆ ಅರ್ಧ ತುಂಡು ರೊಟ್ಟಿ, ಅಂದು ತಟ್ಟೆ ಮುಚ್ಚಿದ ಆ ಅಂಗೈ.